ಜಾವಾಸ್ಕ್ರಿಪ್ಟ್ ಟೈಮರ್: ಪುಟದ ಭಾಗವನ್ನು ತೋರಿಸಿ, ಹೊತ್ತು ಮುಗಿದಾಗ ಮರೆಮಾಡುವುದು

ಫಾರಂ ಸೇವ್ ಆದೊಡನೆ ‘ಉಳಿಸಲಾಗಿದೆ’ ಎಂಬ ಸಂದೇಶದ ಪಟ್ಟಿ ಕಾಣಬೇಕು, ಐದು ಸೆಕೆಂಡ್ ಬಿಟ್ಟು ತಾನಾಗಿಯೇ ಹೋಗಬೇಕು. ಇದಕ್ಕೆ ಮೂರು ಸಾಲಿನ ಕೋಡ್ ಸಾಕು. ಆದರೆ ಬಳಕೆದಾರರು ಬಟನ್ನನ್ನು ಎರಡು ಸಲ ಒತ್ತಿದರೆ ಆ ಮೂರು ಸಾಲು ಕೈಕೊಡುತ್ತವೆ.

ಮೊದಲು ಮರೆಮಾಡುವ ಬಗೆಯನ್ನು ಆರಿಸಿಕೊಳ್ಳಿ. ಸಿಎಸ್‌ಎಸ್‌ನಲ್ಲಿ (ಪುಟದ ರೂಪ ನಿರ್ಧರಿಸುವ ಭಾಷೆ) ‘ಡಿಸ್‌ಪ್ಲೇ: ನನ್’ ಕೊಟ್ಟರೆ ಎಲಿಮೆಂಟ್, ಅಂದರೆ ಪುಟದ ಆ ಭಾಗ, ತನ್ನ ಜಾಗವನ್ನೂ ಬಿಟ್ಟುಕೊಡುತ್ತದೆ, ಕೆಳಗಿನದೆಲ್ಲ ಮೇಲೆ ಸರಿಯುತ್ತದೆ. ‘ವಿಸಿಬಿಲಿಟಿ: ಹಿಡನ್’ ಆದರೆ ಜಾಗ ಹಾಗೇ ಉಳಿಯುತ್ತದೆ. ‘ಒಪಾಸಿಟಿ: 0’ ಮಾತ್ರ ಮೋಸದ್ದು: ಕಣ್ಣಿಗೆ ಕಾಣದಿದ್ದರೂ ಮೌಸ್ ಕ್ಲಿಕ್ ಅದಕ್ಕೇ ತಾಗುತ್ತದೆ. ಸಾಮಾನ್ಯ ಕೆಲಸಕ್ಕೆ ಎಚ್‌ಟಿಎಂಎಲ್‌ನ ‘ಹಿಡನ್’ ಆಟ್ರಿಬ್ಯೂಟ್ ಸಾಕು. ಒಂದೇ ತೊಡಕು, ಅದೇ ಎಲಿಮೆಂಟಿಗೆ ನಿಮ್ಮ ಸಿಎಸ್‌ಎಸ್‌ನಲ್ಲಿ ‘ಡಿಸ್‌ಪ್ಲೇ: ಫ್ಲೆಕ್ಸ್’ ಇದ್ದರೆ ಅದೇ ಗೆಲ್ಲುತ್ತದೆ, ಪಟ್ಟಿ ಮರೆಯಾಗುವುದೇ ಇಲ್ಲ. ಹಿಡನ್ ಇರುವ ಎಲಿಮೆಂಟ್‌ಗಳಿಗೆ ‘ಡಿಸ್‌ಪ್ಲೇ: ನನ್’ ಎಂದು ‘ಇಂಪಾರ್ಟೆಂಟ್’ (ಇದೇ ಗೆಲ್ಲಲಿ ಎಂಬ ಗುರುತು) ಸಮೇತ ಒಂದು ನಿಯಮ ಬರೆದಿಡಿ.

ಇನ್ನು ಟೈಮರ್. ‘ಸೆಟ್‌ಟೈಮೌಟ್’ಗೆ ಮೊದಲು ಫಂಕ್ಷನ್ ಕೊಡಿ, ಆಮೇಲೆ ಮಿಲಿಸೆಕೆಂಡ್ ಲೆಕ್ಕ. ಐದು ಸೆಕೆಂಡ್ ಎಂದರೆ 5000. ಬರೀ 5 ಎಂದು ಬರೆದರೆ ಪಟ್ಟಿ ಕಣ್ಣಿಗೆ ಬೀಳುವ ಮೊದಲೇ ಮಾಯ. ಫಂಕ್ಷನ್ ಹೆಸರಿನ ನಂತರ ಆವರಣ ಚಿಹ್ನೆ ಹಾಕಬೇಡಿ. ಹಾಕಿದರೆ ಆ ಫಂಕ್ಷನ್ ಅಲ್ಲೇ ಓಡಿ ಮುಗಿಯುತ್ತದೆ, ಟೈಮರ್ ಕೈಗೆ ಏನೂ ಉಳಿಯುವುದಿಲ್ಲ. ಸ್ಕ್ರಿಪ್ಟ್ ಹುಡುಕಿದ ಎಲಿಮೆಂಟ್ ಬದಲು ‘ನಲ್’ (ಏನೂ ಇಲ್ಲ) ಸಿಗುತ್ತಿದ್ದರೆ, ಪುಟದ ಆ ಭಾಗ ಸಿದ್ಧವಾಗುವ ಮುಂಚೆಯೇ ಸ್ಕ್ರಿಪ್ಟ್ ಓಡಿರಬಹುದು. ಬೇರೆ ಫೈಲಿನಿಂದ ಬರುವ ಸ್ಕ್ರಿಪ್ಟಾದರೆ ಅದರ ಟ್ಯಾಗಿಗೆ ‘ಡಿಫರ್’ ಸೇರಿಸಿ, ಆಗ ಪುಟ ಸಿದ್ಧವಾದ ಮೇಲೆಯೇ ಅದು ಓಡುತ್ತದೆ.

ಈಗ ಎರಡು ಸಲ ಒತ್ತಿದ ಪ್ರಸಂಗ. ಮೊದಲ ಒತ್ತಿಗೆ ಒಂದು ಟೈಮರ್ ಶುರುವಾಯಿತು. ನಾಲ್ಕನೇ ಸೆಕೆಂಡಿಗೆ ಮತ್ತೆ ಒತ್ತಿದರು, ಎರಡನೆಯದೂ ಶುರುವಾಯಿತು. ಆದರೆ ಹಳೆಯದು ಇನ್ನೂ ಜೀವಂತ. ಐದನೇ ಸೆಕೆಂಡಿಗೆ ಅದು ಬಂದು ಹೊಸ ಸಂದೇಶವನ್ನೂ ಮರೆಮಾಡಿಬಿಡುತ್ತದೆ. ಓದಲು ಸಿಕ್ಕಿದ್ದು ಒಂದೇ ಸೆಕೆಂಡ್. ಸೆಟ್‌ಟೈಮೌಟ್ ಹಿಂದಿರುಗಿಸುವ ಐಡಿಯನ್ನು (ಆ ಟೈಮರ್‌ನ ಗುರುತು) ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ, ಪ್ರತಿ ಸಲ ತೋರಿಸುವ ಮೊದಲು ‘ಕ್ಲಿಯರ್‌ಟೈಮೌಟ್’ನಿಂದ ಅದನ್ನು ರದ್ದು ಮಾಡಿ. ಟೈಮರ್ ಆಗಲೇ ಮುಗಿದಿದ್ದರೂ, ಐಡಿ ಖಾಲಿಯಿದ್ದರೂ ಎರರ್ ಬರುವುದಿಲ್ಲ. ಹಾಗಾಗಿ ಪರೀಕ್ಷಿಸುವ ಅಗತ್ಯವೂ ಇಲ್ಲ. ವೇರಿಯಬಲ್ ಫಂಕ್ಷನ್‌ನ ಹೊರಗಿರಲಿ. ಒಳಗಿದ್ದರೆ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ, ಹಳೆಯ ಐಡಿ ಸಿಗುವುದಿಲ್ಲ.

ಮೆಲ್ಲಗೆ ಮಸುಕಾಗಬೇಕು ಎಂದರೆ ಕೆಲಸ ಸ್ವಲ್ಪ ಹೆಚ್ಚುತ್ತದೆ. ಪಟ್ಟಿಯ ಒಪಾಸಿಟಿಯನ್ನು 0 ಇಟ್ಟು, ಅದಕ್ಕೆ 300 ಮಿಲಿಸೆಕೆಂಡ್ ಟ್ರಾನ್ಸಿಶನ್ (ಮೆಲ್ಲಗೆ ಬದಲಾಗುವ ವ್ಯವಸ್ಥೆ) ಕೊಡಿ, ಒಪಾಸಿಟಿಯನ್ನು 1 ಮಾಡುವ ಕ್ಲಾಸ್ ಒಂದನ್ನು ಬರೆಯಿರಿ. ತೋರಿಸುವಾಗ ಹಿಡನ್ ತೆಗೆದ ಬೆನ್ನಿಗೇ ಆ ಕ್ಲಾಸ್ ಸೇರಿಸಿದರೆ ಬ್ರೌಸರ್ ಎರಡನ್ನೂ ಒಟ್ಟಿಗೇ ಲೆಕ್ಕಹಾಕುತ್ತದೆ, ಪಟ್ಟಿ ಫಕ್ಕನೆ ಕಾಣುತ್ತದೆ. ನಡುವೆ ‘ಆಫ್‌ಸೆಟ್‌ಹೈಟ್’ (ಎಲಿಮೆಂಟಿನ ಎತ್ತರ) ಅನ್ನು ಕೋಡ್‌ನಲ್ಲಿ ಒಮ್ಮೆ ಓದಿ. ಆಗ ಬ್ರೌಸರ್ ಮೊದಲ ಸ್ಥಿತಿಯನ್ನು ಲೆಕ್ಕಹಾಕಲೇಬೇಕಾಗುತ್ತದೆ. ಮರೆಮಾಡುವಾಗ ಕ್ರಮ ತಿರುಗುಮುರುಗು: ಕ್ಲಾಸ್ ತೆಗೆಯಿರಿ, ಮಸುಕಾದ ಮೇಲೆ ಹಿಡನ್ ಹಾಕಿ.

ಆ ಎರಡನೇ ಹೆಜ್ಜೆಗೆ ಹಲವರು ‘ಟ್ರಾನ್ಸಿಶನ್‌ಎಂಡ್’ ಈವೆಂಟ್ ನಂಬುತ್ತಾರೆ. ಅದು ಪಟ್ಟಿ ಕಾಣಿಸಿ ಮುಗಿದಾಗಲೂ ಬರುತ್ತದೆ, ಕ್ಲಾಸ್ ಇದೆಯೇ ಎಂದು ನೋಡದಿದ್ದರೆ ಆಗತಾನೇ ಬಂದ ಪಟ್ಟಿ ಮಾಯವಾಗುತ್ತದೆ. ಚಲನೆ ಬೇಡವೆಂದ ಬಳಕೆದಾರರಿಗಾಗಿ ಟ್ರಾನ್ಸಿಶನ್ ತೆಗೆದಿದ್ದರೆ ಈವೆಂಟ್ ಬರುವುದೇ ಇಲ್ಲ. 350 ಮಿಲಿಸೆಕೆಂಡಿನ ಇನ್ನೊಂದು ಟೈಮರ್ ಇಟ್ಟು, ಅದನ್ನೂ ಅದೇ ವೇರಿಯಬಲ್‌ನಲ್ಲಿ ಹಿಡಿದುಕೊಳ್ಳುವುದೇ ವಾಸಿ. ನೋಡಲು ಒರಟು, ಆದರೆ ಕೆಡುವುದಿಲ್ಲ.

ಕೊಟ್ಟ ಸಮಯ ಕನಿಷ್ಠ ಮಿತಿ ಮಾತ್ರ. ಪುಟ ಬೇರೆ ಕೆಲಸದಲ್ಲಿ ಸಿಲುಕಿದ್ದರೆ ಟೈಮರ್ ತಡವಾಗುತ್ತದೆ. ಹಿಂದೆ ಸರಿದ ಟ್ಯಾಬ್‌ನಲ್ಲಿ ಬ್ರೌಸರ್‌ಗಳು ಟೈಮರ್‌ಗಳನ್ನು ಸೆಕೆಂಡಿಗೊಮ್ಮೆ, ಕೆಲವೊಮ್ಮೆ ಅದಕ್ಕಿಂತಲೂ ಅಪರೂಪಕ್ಕೆ ಓಡಿಸುತ್ತವೆ. ಆದ್ದರಿಂದ ಕೌಂಟ್‌ಡೌನ್ ತೋರಿಸುವಾಗ ‘ಸೆಟ್‌ಇಂಟರ್ವಲ್’ (ಪದೇ ಪದೇ ಓಡುವ ಟೈಮರ್) ಎಷ್ಟು ಸಲ ಓಡಿತೆಂದು ಎಣಿಸಬೇಡಿ, ಮುಗಿಯುವ ಸಮಯದಿಂದ ಈಗಿನ ಸಮಯ ಕಳೆದು ತೋರಿಸಿ. 2147483647 ಮಿಲಿಸೆಕೆಂಡ್, ಅಂದರೆ ಸುಮಾರು 24.8 ದಿನ ಮೀರಿದ ಲೆಕ್ಕ ಕೊಟ್ಟರೆ ಟೈಮರ್ ತಕ್ಷಣವೇ ಓಡಿಬಿಡಬಹುದು.

ಸ್ಕ್ರೀನ್ ರೀಡರ್ (ತೆರೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗಾಗಿ ‘ಸ್ಟೇಟಸ್’ ರೋಲ್ ಇರುವ ಖಾಲಿ ಪೆಟ್ಟಿಗೆಯೊಂದನ್ನು ಪುಟದಲ್ಲಿ ಮೊದಲಿನಿಂದಲೇ ಇಟ್ಟು, ಸಂದೇಶವನ್ನು ಅದರೊಳಗೆ ಹಾಕಿ, ಆಗ ಅದನ್ನು ರೀಡರ್ ಓದಿ ಹೇಳುತ್ತದೆ. ಮೌಸ್ ಅಥವಾ ಫೋಕಸ್ (ಕೀಬೋರ್ಡ್ ಈಗ ನಿಂತಿರುವ ಜಾಗ) ಪಟ್ಟಿಯ ಮೇಲಿರುವಷ್ಟು ಹೊತ್ತು ಟೈಮರ್ ರದ್ದಾಗಿರಲಿ, ಬಿಟ್ಟ ಮೇಲೆ ಹೊಸದಾಗಿ ಶುರುವಾಗಲಿ. ತಪ್ಪನ್ನು ತಿಳಿಸುವ ಸಂದೇಶಕ್ಕೆ ಟೈಮರ್ ಬೇಡವೇ ಬೇಡ, ಮುಚ್ಚುವ ಬಟನ್ ಕೊಡಿ. ಆ ಬಟನ್ ಒತ್ತಿದಾಗ ಫೋಕಸ್ಸನ್ನು ಮೊದಲು ತಪ್ಪಿರುವ ಇನ್‌ಪುಟ್‌ಗೆ ಸಾಗಿಸಿ, ಆಮೇಲೆ ಪಟ್ಟಿಯನ್ನು ಮರೆಮಾಡಿ. ಇಲ್ಲದಿದ್ದರೆ ಕೀಬೋರ್ಡ್ ಬಳಸುವವರು ಪುಟದಲ್ಲಿ ತಾವಿದ್ದ ಜಾಗವನ್ನೇ ಕಳೆದುಕೊಳ್ಳುತ್ತಾರೆ.