ಬಾತುಕೋಳಿ ಮರಿ ಮಂಕಾದಾಗ: ಕಾಯಿಲೆಯನ್ನು ಗುರುತಿಸಿ ಉಪಚರಿಸುವ ಬಗೆ

ಮನೆಯಲ್ಲಿ ಸಾಕಿದ ಬಾತುಕೋಳಿ ಮರಿಗಳು ಸೊರಗುವುದಕ್ಕೆ ಬಹಳಷ್ಟು ಸಲ ಕಾರಣ ಸೋಂಕಲ್ಲ. ಶಾಖ, ನೀರು ಮತ್ತು ಆಹಾರದಲ್ಲಿನ ಲೋಪ. ಆದ್ದರಿಂದ ಮರಿ ಮಂಕಾದರೆ ಔಷಧಕ್ಕೆ ಕೈಹಾಕುವ ಮೊದಲು ಈ ಮೂರನ್ನು ನೋಡಬೇಕು. ಇವು ಸರಿಯಾಗಿದ್ದೂ ಮರಿ ಚೇತರಿಸಿಕೊಳ್ಳದಿದ್ದರೆ ಪಶುವೈದ್ಯರ ಬಳಿಗೆ ಕೊಂಡೊಯ್ಯಲು ಮರುದಿನದವರೆಗೆ ಕಾಯಬಾರದು, ಏಕೆಂದರೆ ಇಷ್ಟು ಚಿಕ್ಕ ಜೀವ ಬಹುಬೇಗ ಕುಸಿಯುತ್ತದೆ.

ಬೆಳಿಗ್ಗೆ ಆಹಾರ ಹಾಕುವ ಹೊತ್ತು ಪರೀಕ್ಷೆಗೆ ತಕ್ಕ ಸಮಯ. ಎಲ್ಲ ಮರಿಗಳೂ ತಟ್ಟೆಗೆ ಮುಗಿಬೀಳುವಾಗ ಒಂದು ಮಾತ್ರ ಕಣ್ಣು ಅರೆಮುಚ್ಚಿ, ಕುತ್ತಿಗೆ ಒಳಗೆಳೆದುಕೊಂಡು ಹಿಂದೆ ಉಳಿದರೆ ಅದನ್ನು ಕೈಗೆತ್ತಿಕೊಳ್ಳಿ. ಹೊಟ್ಟೆಯ ಕೆಳಗೆ ಅಂಗೈಯಿಟ್ಟು ಕಾಲುಗಳಿಗೂ ಆಧಾರ ಕೊಟ್ಟು ಹಿಡಿದು, ಕಣ್ಣಿನಲ್ಲಿ ನೊರೆ ಅಥವಾ ಪಿಸುರು ಇದೆಯೇ, ಮೂಗಿನ ಹೊಳ್ಳೆಗಳು ಕಟ್ಟಿಕೊಂಡಿವೆಯೇ, ಗುದದ್ವಾರದ ಸುತ್ತ ಹಿಕ್ಕೆ ಒಣಗಿ ಅಂಟಿದೆಯೇ ಎಂದು ನೋಡಿ. ಕೊನೆಗೆ ಎರಡೂ ಕಾಲುಗಳ ಗಂಟುಗಳನ್ನು ಬೆರಳಿನಿಂದ ಮುಟ್ಟಿ ಹೋಲಿಸಿ. ಒಂದು ಊದಿದ್ದರೂ ಬಿಸಿಯಾಗಿದ್ದರೂ ಕೂಡಲೇ ತಿಳಿಯುತ್ತದೆ.

ಮೊದಲ ವಾರ ಮರಿಗಳಿರುವ ಜಾಗದಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅನಂತರ ವಾರಕ್ಕೆ 3 ಡಿಗ್ರಿಯಂತೆ ಇಳಿಸಬಹುದು. ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಒತ್ತಿಕೊಂಡಿದ್ದರೆ ಶಾಖ ಸಾಲದೆ ಅವು ನಡುಗುತ್ತಿವೆ. ದೂರದ ಮೂಲೆಗೆ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಶಾಖ ಹೆಚ್ಚಾಗಿದೆ. ತಾಯಿಯಿಲ್ಲದ ಮರಿಯ ತುಪ್ಪುಳಕ್ಕೆ ನೀರು ತಡೆಯುವ ಎಣ್ಣೆಯ ಲೇಪ ಸಾಲದಿರುವುದರಿಂದ, ಅದನ್ನು ಈಜಲು ಬಿಟ್ಟರೆ ತೊಯ್ದು ತಣ್ಣಗಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಹಾಗೆ ತಣ್ಣಗಾದ ಮರಿಯನ್ನು ಒಣಬಟ್ಟೆಯಿಂದ ಒರೆಸಿ, ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಶಾಖ ತಾಗುವಂತೆ ಬಲ್ಬು ಇಟ್ಟು ಬೆಚ್ಚಗೆ ಮಾಡಬೇಕು. ಮೈ ಬೆಚ್ಚಗಾಗುವವರೆಗೆ ಏನನ್ನೂ ತಿನ್ನಿಸಬಾರದು. ಅನಂತರ ಸ್ವಲ್ಪ ಸಕ್ಕರೆ ಕದಡಿದ ಉಗುರುಬೆಚ್ಚಗಿನ ನೀರನ್ನು ಕೊಕ್ಕಿನ ಅಂಚಿಗೆ ಹನಿಹನಿಯಾಗಿ ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ. ಬಾಯೊಳಗೆ ಸುರಿದರೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಕುಡಿಯುವ ನೀರಿನ ಪಾತ್ರೆ ಮಾತ್ರ ಮೂಗಿನ ಹೊಳ್ಳೆಗಳು ಮುಳುಗುವಷ್ಟು ಆಳವಿರಬೇಕು. ಇಲ್ಲದಿದ್ದರೆ ಕಣ್ಣು, ಮೂಗು ಕಟ್ಟಿಕೊಳ್ಳುತ್ತವೆ, ಒಣ ಆಹಾರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಂಟಿದ ಕಣ್ಣನ್ನು ಔಷಧದಂಗಡಿಯಲ್ಲಿ ದೊರೆಯುವ ಸಲೈನಿನಲ್ಲಿ (ಶುದ್ಧೀಕರಿಸಿದ ಉಪ್ಪುನೀರಿನಲ್ಲಿ) ಅದ್ದಿದ ಹತ್ತಿಯಿಂದ ಮೆತ್ತಗೆ ಒರೆಸಬಹುದು.

ಕಾಲಿನ ತೊಂದರೆಗೆ ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಿ ಎನ್ನುತ್ತೇನೆ, ಏಕೆಂದರೆ ಆರಂಭದಲ್ಲೇ ಗುರುತಿಸಿದರೆ ಅದು ಬಹುಮಟ್ಟಿಗೆ ವಾಸಿಯಾಗುತ್ತದೆ, ಅಲಕ್ಷಿಸಿದರೆ ಮರಿ ಬದುಕಿಡೀ ಕುಂಟುತ್ತದೆ. ಬಾತುಕೋಳಿ ಮರಿಗೆ ನಯಾಸಿನ್, ಅಂದರೆ ಬಿ3 ಜೀವಸತ್ವ, ಕೋಳಿಮರಿಗಿಂತ ಹೆಚ್ಚು ಬೇಕು. ಒಂದು ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ಇರಬೇಕೆಂಬುದು ಸಾಮಾನ್ಯ ಲೆಕ್ಕ. ನಮ್ಮಲ್ಲಿ ಹೆಚ್ಚಿನವರು ಕೊಡುವುದು ಕೋಳಿಮರಿಯ ಸ್ಟಾರ್ಟರ್ (ಎಳೆಮರಿಗಳ ಸಿದ್ಧ ಆಹಾರ), ಇಲ್ಲವೇ ಅನ್ನ ಮತ್ತು ಬ್ರೆಡ್ಡು. ಅನ್ನ, ಬ್ರೆಡ್ಡುಗಳಿಂದಲೇ ಮರಿಯನ್ನು ಬೆಳೆಸಲಾಗದು. ಸ್ಟಾರ್ಟರ್ ಕೂಡ ಅನೇಕ ಸಲ ಈ ಪ್ರಮಾಣವನ್ನು ಮುಟ್ಟುವುದಿಲ್ಲ. ನಾಲ್ಕು ಹೆಜ್ಜೆ ನಡೆದು ಕುಳಿತುಬಿಡುವುದು, ಕಾಲು ಬಿಲ್ಲಿನಂತೆ ಬಾಗುವುದು, ಗಂಟು ಊದುವುದು ನಯಾಸಿನ್ ಕೊರತೆಯ ಲಕ್ಷಣಗಳು. ಒಂದು ಬಟ್ಟಲು ಆಹಾರಕ್ಕೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟಿನ ಒಣ ಪುಡಿ) ಬೆರೆಸುವುದು ಸುಲಭವಾದ ದಾರಿ. ಬ್ರೆಡ್ಡು ಉಬ್ಬಿಸಲು ಬಳಸುವ ಯೀಸ್ಟ್ ಇದಕ್ಕೆ ಆಗದು. ಆಗಲೇ ಕಾಲು ಸೋತಿದ್ದರೆ ನಯಾಸಿನ್ ಮಾತ್ರೆಯ ಪ್ರಮಾಣವನ್ನು ವೈದ್ಯರಿಂದ ಕೇಳಿ, ಪ್ರತಿದಿನ ಹೊಸದಾಗಿ ನೀರಿನಲ್ಲಿ ಕರಗಿಸಿ ಕೊಡಬೇಕು. ಮೊಟ್ಟೆಯೊಡೆದು ಬಂದ ಮೊದಲ ದಿನಗಳಲ್ಲೇ ಕಾಲುಗಳು ಎರಡೂ ಬದಿಗೆ ಜಾರಿ ಅಗಲವಾದರೆ ಅದು ಬೇರೆ ಸಮಸ್ಯೆ. ನೆಲಕ್ಕೆ ಹಾಸಿದ ನುಣುಪಾದ ಪತ್ರಿಕೆಯನ್ನು ತೆಗೆದು ಗೋಣಿ ಅಥವಾ ಒರಟು ಬಟ್ಟೆ ಹಾಸಬೇಕು.

ಮಳೆಗಾಲದಲ್ಲಿ ಆಹಾರದ ಮೂಟೆಯನ್ನು ಮೂಸಿ ನೋಡದೆ ಬಳಸಬೇಡಿ. ಬೂಷ್ಟು ಹಿಡಿದ ಮೆಕ್ಕೆಜೋಳ ಮತ್ತು ಕಡಲೆಕಾಯಿ ಹಿಂಡಿಯಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ, ಮತ್ತು ಈ ವಿಷಕ್ಕೆ ಬಾತುಕೋಳಿ ಮರಿಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿಗಳು ಕಡಿಮೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗ ಮೂಲವೆಂದು ಪತ್ತೆಯಾದದ್ದು ಕಡಲೆಕಾಯಿ ಹಿಂಡಿಯೇ. ಬಾತು ಮರಿಗಳೂ ಅದರಿಂದ ಸತ್ತಿದ್ದವು. ಇದಕ್ಕೆ ಪ್ರತಿವಿಷವಿಲ್ಲ. ಆ ಆಹಾರವನ್ನು ಪೂರ್ತಿ ಎಸೆಯಬೇಕು. ಬಿಸಿಲಿಗೆ ಒಣಗಿಸಿ ಮತ್ತೆ ಬಳಸುವುದರಿಂದ ವಿಷ ಹೋಗುವುದಿಲ್ಲ. ಬೂಷ್ಟು ಹಿಡಿದ ಹುಲ್ಲನ್ನು ಹಾಸಿದರೆ ಶಿಲೀಂಧ್ರ ಶ್ವಾಸಕೋಶಕ್ಕೆ ತಗಲಿ, ಮರಿ ಬಾಯ್ದೆರೆದು ಉಸಿರಿಗೆ ಒದ್ದಾಡುತ್ತದೆ.

ಮನೆಮದ್ದಿಗೆ ಜಗ್ಗದ ಕಾಯಿಲೆಗಳೂ ಇವೆ. ಆರು ವಾರದೊಳಗಿನ ಮರಿ ಇದ್ದಕ್ಕಿದ್ದಂತೆ ಒರಗಿ, ಕಾಲು ಬಡಿಯುತ್ತ, ತಲೆಯನ್ನು ಬೆನ್ನಿನ ಕಡೆಗೆ ಸೆಟೆದುಕೊಂಡು ಸತ್ತರೆ ವೈರಲ್ ಹೆಪಟೈಟಿಸ್, ಅಂದರೆ ವೈರಸ್‌ನಿಂದ ಬರುವ ಯಕೃತ್ತಿನ ಉರಿಯೂತ, ಇರಬಹುದು. ಕಣ್ಣು ಮೂಗು ಸುರಿದು, ಹಸಿರು ಬೇಧಿಯಾಗಿ, ತಲೆ ನಡುಗಿದರೆ ಬ್ಯಾಕ್ಟೀರಿಯಾ ಸೋಂಕಿನ ಶಂಕೆಯಿದ್ದು, ವೈದ್ಯರು ಬೇಗ ಆರಂಭಿಸಿದ ಆಂಟಿಬಯಾಟಿಕ್ ಫಲ ಕೊಡುತ್ತದೆ. ಕೊಳೆತ ನೀರು ಅಥವಾ ಸತ್ತ ಪ್ರಾಣಿಯ ಹುಳು ತಿಂದ ಮೇಲೆ ಕುತ್ತಿಗೆ ಜೋತುಬಿದ್ದರೆ ಅದು ಬಾಟ್ಯುಲಿಸಂ, ಅಂದರೆ ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೋಲುವ ಕಾಯಿಲೆ, ಆಗಿರಬಹುದು. ಕೋಳಿಗೆ ತಂದು ಉಳಿದ ಔಷಧವನ್ನು ಅಂದಾಜಿನ ಮೇಲೆ ಕೊಡುವುದು ಸಲ್ಲದು. ಕೆಲವು ಔಷಧಗಳು ಬಾತುಕೋಳಿಗೆ ಒಗ್ಗುವುದಿಲ್ಲ.

ಕಾಯಿಲೆಯ ಮರಿಯನ್ನು ಬೇರೆ ಇರಿಸಿ, ಅದರ ಪಾತ್ರೆಗಳನ್ನು ಪ್ರತ್ಯೇಕಿಸಿ, ಆರೈಕೆಯನ್ನು ಕೊನೆಗೆ ಮಾಡಿ. ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯಿರಿ, ಮಕ್ಕಳಿಂದಲೂ ತೊಳೆಸಿ. ಆರೋಗ್ಯವಾಗಿ ಕಾಣುವ ಮರಿಯಿಂದಲೂ ಮನುಷ್ಯರಿಗೆ ಬೇಧಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡುತ್ತದೆ. ಒಂದೇ ದಿನ ಹಲವು ಹಕ್ಕಿಗಳು ಸತ್ತರೆ ಹಕ್ಕಿಜ್ವರದ ಸಾಧ್ಯತೆಯಿರುವುದರಿಂದ ಬರಿಗೈಯಲ್ಲಿ ಮುಟ್ಟದೆ, ಕೆರೆಗೋ ತಿಪ್ಪೆಗೋ ಎಸೆಯದೆ, ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿ. ಮರಿಯ ವಯಸ್ಸು, ಕೊಟ್ಟ ಆಹಾರ, ಮೊದಲ ಲಕ್ಷಣ ಕಂಡ ಹೊತ್ತು ಇವನ್ನು ಬರೆದಿಟ್ಟುಕೊಂಡು ಹೇಳಿದರೆ ವೈದ್ಯರಿಗೆ ಕಾರಣ ಹುಡುಕುವುದು ಸುಲಭವಾಗುತ್ತದೆ.