ತಿದ್ದಿ ಕೊಡಬೇಡಿ, ಕೇಳಿ: ಗೂಗಲ್ ಡಾಕ್ಸ್‌ನಲ್ಲಿ ಅಕಡೆಮಿಕ್ ಇಂಗ್ಲಿಷ್

ಇಡೀ ತರಗತಿಗೆ ಒಂದೇ ಡಾಕ್ಯುಮೆಂಟ್ ನಾನು ಕೊಡುವುದಿಲ್ಲ. ಒಂದರಲ್ಲಿ 100 ಮಂದಿ ಒಟ್ಟಿಗೆ ಬರೆಯಬಹುದು ನಿಜ. ಆದರೆ ಹತ್ತು ಕರ್ಸರ್ ಓಡಾಡತೊಡಗಿದರೆ ಸಾಕು, ಮೇಲಿನವರು ಎಂಟರ್ ಒತ್ತಿದಾಗಲೆಲ್ಲ ಕೆಳಗಿನವರ ಸಾಲು ಜಾರಿ ಗಮನ ಕೆಡುತ್ತದೆ. ಹಾಗಾಗಿ ನಾಲ್ವರಿಗೊಂದು ಡಾಕ್ಯುಮೆಂಟ್. ಒಳಗೆ ಒಂದೇ ಕಾಲಮ್‌ನ ಟೇಬಲ್, ನಾಲ್ಕು ಮನೆ; ಪ್ರತಿ ಮನೆಯ ತಲೆಯಲ್ಲಿ ಹೆಸರು, ಕೆಳಗೆ ಬರಹ. ಎರಡು ಕಾಲಮ್ ಮಾಡಿದರೆ ಮೊಬೈಲ್‌ನಲ್ಲಿ ಬರೆಯುವವರಿಗೆ ಒಂದು ಸಾಲಿಗೆ ಮೂರೇ ಪದ ಕಾಣುತ್ತವೆ.

ಲಿಂಕ್ ಇದ್ದವರೆಲ್ಲ ತಿದ್ದಬಹುದು ಎಂದು ಬಿಟ್ಟರೆ, ಲಾಗಿನ್ ಆಗದವರು ಅನಾನಿಮಸ್ ಪ್ರಾಣಿಗಳ ಹೆಸರಲ್ಲಿ ಬರುತ್ತಾರೆ. ಯಾರು ಏನು ಬರೆದರೆಂದು ಆಮೇಲೆ ಹುಡುಕುವುದು ವ್ಯರ್ಥ. ಇಮೇಲ್ ಹಾಕಿಯೇ ಹಂಚುತ್ತೇನೆ.

ಮೊದಲು 20 ನಿಮಿಷ, 120 ಪದಗಳ ಒಂದು ಪ್ಯಾರಾ: ಟಾಪಿಕ್ ಸೆಂಟೆನ್ಸ್ (ಪ್ಯಾರಾದ ಮುಖ್ಯ ಮಾತು ಹೇಳುವ ವಾಕ್ಯ), ಒಂದು ಆಧಾರ, ಅದರ ವಿವರಣೆ. ಬರೆದಾದ ಮೇಲೆ ನಾಲ್ವರ ಅನುಮತಿಯನ್ನೂ ಎಡಿಟರ್‌ನಿಂದ ಕಾಮೆಂಟರ್‌ಗೆ ಇಳಿಸುತ್ತೇನೆ; ಆಗ ಕಾಮೆಂಟ್ ಹಾಕಬಹುದು, ಬರಹವನ್ನು ನೇರವಾಗಿ ತಿದ್ದಲಾಗದು. ಇಲ್ಲದಿದ್ದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರು ಪಕ್ಕದವರ ಪ್ಯಾರಾವನ್ನೇ ಬರೆದು ಮುಗಿಸುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ! 10 ನಿಮಿಷ ಒಬ್ಬೊಬ್ಬರಿಂದ ಎರಡು ಕಾಮೆಂಟ್, ಎರಡೂ ಪ್ರಶ್ನೆಗಳಾಗಿರಬೇಕು. ಮತ್ತೆ ಎಡಿಟರ್ ಮಾಡಿ, ತಿದ್ದಲು 15 ನಿಮಿಷ.

ನನ್ನದೂ ಪ್ರಶ್ನೆಯೇ. ತಿದ್ದಿದ್ದೆಲ್ಲ ಸಲಹೆಯಾಗಿ ಕಾಣುವ ಸಜೆಸ್ಟಿಂಗ್ ಮೋಡ್‌ನಲ್ಲಿ ನಾವೇ ತಿದ್ದಿದರೆ ವಿದ್ಯಾರ್ಥಿ ಒಪ್ಪಿಗೆಯ ಟಿಕ್ ಒತ್ತುತ್ತಾ ಹೋಗುತ್ತಾನೆ, ಓದುವುದಿಲ್ಲ. ಮುಂದಿನ ವಾರ ಅದೇ ತಪ್ಪು. 'ಸೋಷಿಯಲ್ ಮೀಡಿಯಾ ಕಾಸಸ್ ಡಿಪ್ರೆಶನ್' ಎಂದು ಬರೆದವರಿಗೆ 'ಎಲ್ಲರಿಗೂ? ಯಾವಾಗಲೂ?' ಎಂದಷ್ಟೇ ಕೇಳಿದರೆ, 'ಮೇ ಕಾಂಟ್ರಿಬ್ಯೂಟ್ ಟು' ಎಂಬಲ್ಲಿಗೆ ಅವರೇ ಬರುತ್ತಾರೆ. ಹೀಗೆ ಖಚಿತ ಮಾತನ್ನು ಹದಗೊಳಿಸುವುದಕ್ಕೆ ಹೆಡ್ಜಿಂಗ್ ಎಂಬ ಪದ ಆಮೇಲೆ ಹೇಳಿದರೂ ನಡೆಯುತ್ತದೆ. ಲೇಖಕರ ಹೆಸರಿನ ಮುಂದೆಲ್ಲ 'ಸೇಸ್' ಇದ್ದರೆ, 'ಇವರು ಸಾಬೀತು ಮಾಡಿದ್ದಾರೋ, ವಾದಿಸುತ್ತಿದ್ದಾರೋ, ಊಹಿಸುತ್ತಿದ್ದಾರೋ?' ಎಂದು ಕೇಳುತ್ತೇನೆ. 'ಶೋಸ್', 'ಆರ್ಗ್ಯೂಸ್', 'ಸಜೆಸ್ಟ್ಸ್' ಇವುಗಳ ವ್ಯತ್ಯಾಸ ಪಟ್ಟಿ ಕೊಟ್ಟು ಕಲಿಸಿದರೆ ಅಷ್ಟು ಬೇಗ ಹತ್ತುವುದಿಲ್ಲ. ಆರ್ಟಿಕಲ್, ಸ್ಪೆಲಿಂಗ್ ತಪ್ಪುಗಳನ್ನು ಈ ಹಂತದಲ್ಲಿ ಮುಟ್ಟುವುದೇ ಇಲ್ಲ. ಮುಟ್ಟಿದರೆ ವಾದ ಬಿಟ್ಟು ಅವನ್ನೇ ತಿದ್ದುತ್ತಾ ಕೂರುತ್ತಾರೆ.

ವರ್ಷನ್ ಹಿಸ್ಟರಿ (ಡಾಕ್ಯುಮೆಂಟ್‌ನ ಹಳೆಯ ರೂಪಗಳ ದಾಖಲೆ) ಬಹಳ ಉಪಯೋಗದ್ದು, ಆದರೆ ಪೊಲೀಸ್ ಕೆಲಸಕ್ಕಲ್ಲ. ಇಡೀ ಪ್ಯಾರಾ ಒಂದೇ ಏಟಿಗೆ ಬಂದು ಕೂತಿದ್ದರೆ ಕದ್ದದ್ದೇ ಇರಬೇಕೆಂದಿಲ್ಲ, ಬೇರೆ ಕಡೆ ಟೈಪ್ ಮಾಡಿ ಪೇಸ್ಟ್ ಮಾಡಿರಬಹುದು. ಮೊದಲ ಕರಡಿಗೂ ಕೊನೆಯದಕ್ಕೂ ವರ್ಷನ್‌ನಲ್ಲೇ ಹೆಸರಿಟ್ಟರೆ ಎರಡನ್ನೂ ಸುಲಭವಾಗಿ ತೆಗೆದು ನೋಡಬಹುದು. ಅಂಕ ಕೊಡುವಾಗ ನಾನು ನೋಡುವುದು ಅವುಗಳ ನಡುವಿನ ಬದಲಾವಣೆಯನ್ನು.

ಇನ್ನೊಂದು ಕಾಟ ರಿಸಾಲ್ವ್ ಬಟನ್‌ದು. ಏನೂ ಬದಲಿಸದೆ ಅದನ್ನೊತ್ತಿ ಕಾಮೆಂಟ್ ಮರೆಮಾಡುವವರು ಇದ್ದೇ ಇರುತ್ತಾರೆ. ಉತ್ತರವಾಗಿ ಒಂದು ಸಾಲು ಬರೆದ ಮೇಲೆಯೇ ರಿಸಾಲ್ವ್ ಎಂಬುದು ನಿಯಮ. ಮುಚ್ಚಿದ ಕಾಮೆಂಟ್ ಅಳಿದಿರುವುದಿಲ್ಲ, ಕಾಮೆಂಟ್‌ಗಳ ಪಟ್ಟಿಯಿಂದ ಮತ್ತೆ ತೆರೆಯಬಹುದು.