ಫ್ರಿಜ್ ಇಲ್ಲದ ರೂಮಿನಲ್ಲಿ ಪಿಯು ಹುಡುಗರ ಅಡುಗೆ: ನನ್ನ ಅನುಭವ

ಧಾರವಾಡದಲ್ಲಿ ಪಿಯು ಓದುವ ಹುಡುಗರು ರೂಮಿನಲ್ಲಿ ತಾವೇ ಬೇಯಿಸಿಕೊಂಡು ಮೈಗೆ ಹತ್ತುವ ಊಟ ಮಾಡಬಲ್ಲರು ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ‘ನಮ್ಮ ಹುಡುಗಗ ಚಹಾ ಮಾಡಾಕೂ ಬರಂಗಿಲ್ರೀ, ಸುಮ್ನ ಮೆಸ್ ಹಚ್ಚಿ ಬಿಡ್ರಿ’ ಎಂದರು ತಾಯಂದಿರು. ರೂಮು ಬಾಡಿಗೆ ಕೊಡುವ ಅಕ್ಕಪಕ್ಕದವರು ಗ್ಯಾಸಿನ ಭಯ, ಜಿರಳೆ, ಕಟ್ಟಿಕೊಳ್ಳುವ ಮೋರಿ ಎಂದೆಲ್ಲ ಹೇಳಿದರು. ಈಗ ಸಪ್ತಾಪುರದ ನಮ್ಮ ಮನೆಯ ಮೇಲಿನ ಎಲ್ಲ ರೂಮುಗಳಲ್ಲೂ ಇದೇ ಪದ್ಧತಿ ನಡೆದಿದೆ. ಆಗ ಬೇಡವೆಂದವರೇ ಅಳತೆ ಕೇಳಿಕೊಂಡು ಬರುತ್ತಾರೆ. ಕುಕ್ಕರ್ ಇಡುವುದು, ಒಗ್ಗರಣೆ ಹಾಕುವುದು ಹೇಗೆಂದು ಬರೆಯುವುದಿಲ್ಲ. ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಎಲ್ಲರೂ ಮೊದಲು ಅನ್ನ-ಸಾರು ಕಲಿಸುತ್ತಾರೆ. ಅಲ್ಲೇ ಸೋಲುತ್ತದೆ. ದುಡ್ಡೂ ಆರೋಗ್ಯವೂ ಹೋಗುವುದು ಮಧ್ಯಾಹ್ನದ ಊಟದಲ್ಲಲ್ಲ, ಸಂಜೆ ಕ್ಲಾಸು ಬಿಟ್ಟ ಹೊತ್ತಿನ ಹಸಿವಿನಲ್ಲಿ. ಮಿರ್ಚಿ ಭಜಿ, ಎಗ್ ರೈಸ್, ಗೋಬಿ ಎಂದು ದಿನಕ್ಕೆ ನಲವತ್ತು-ಐವತ್ತು ರೂಪಾಯಿ ಹಾರಿಹೋಗುತ್ತದೆ, ರಾತ್ರಿ ಊಟ ಸೇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ನಿಜ. ಆದರೆ ಮೈದಾ, ಮತ್ತೆ ಮತ್ತೆ ಕಾಸಿದ ಎಣ್ಣೆ ಇದ್ದೇ ಇವೆ. ಹಾಗಾಗಿ ನಾನು ಸಂಜೆಯ ತಿಂಡಿಯಿಂದ ಶುರು ಮಾಡಿಸಿದೆ.

ಆ ತಿಂಡಿ ಒಗ್ಗರಣೆ ಚುರಮುರಿ. ಭಾನುವಾರ ಒಂದು ದೊಡ್ಡ ಡಬ್ಬಿ ಮಾಡಿಟ್ಟರೆ ಹತ್ತು ಹನ್ನೆರಡು ದಿನ ಗರಿಗರಿ ಇರುತ್ತದೆ. ಅದಕ್ಕೆ ಒಂದೇ ಷರತ್ತು: ಮೆಣಸಿನಕಾಯಿ, ಕರಿಬೇವು ಎರಡೂ ಎಣ್ಣೆಯಲ್ಲಿ ಮುರಿದರೆ ಚಟ್ ಎನ್ನುವಷ್ಟು ಹುರಿದಿರಬೇಕು. ಅರೆಹುರಿದ ಮೆಣಸಿನಕಾಯಿಯ ಪಸೆ ಮರುದಿನವೇ ಇಡೀ ಡಬ್ಬಿಯನ್ನು ಮೆತ್ತಗಾಗಿಸುತ್ತದೆ. ಉಳ್ಳಾಗಡ್ಡಿ ಹಾಕಿದ ಗಿರ್ಮಿಟ್ ಮಸಾಲೆ ಮಾಡಿಡುವ ಆಸೆ ಬೇಡ, ಫ್ರಿಜ್ ಇಲ್ಲದೆ ಎರಡನೇ ದಿನ ವಾಸನೆ ಬರುತ್ತದೆ. ಬರೀ ಚುರಮುರಿಯಲ್ಲಿ ಸತ್ವವಿಲ್ಲ. ತಿನ್ನುವ ಹೊತ್ತಿಗೆ ಎರಡು ಮುಷ್ಟಿ ಚುರಮುರಿಗೆ ಮೂರು ಚಮಚ ಪುಠಾಣಿ (ಹುರಿಗಡಲೆ) ಹಿಟ್ಟು, ಒಂದು ಹಿಡಿ ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ಗಜ್ಜರಿ ತುರಿ, ಅರ್ಧ ಲಿಂಬೆ. ಗ್ಯಾಸು ಹಚ್ಚುವ ಕೆಲಸವೇ ಇಲ್ಲ. ಇದು ಕೈಗೆ ಹತ್ತಿದ ಮೇಲೆ ಹುಡುಗರು ತಾವಾಗಿ ‘ಮುಂದೇನ್ರೀ?’ ಎಂದು ಕೇಳಿದರು.

ಮುಂದಿನದು ಕಾಳು. ಇಡೀ ಪದ್ಧತಿ ನಿಂತಿರುವುದೇ ಇದರ ಮೇಲೆ. ಮಡಕಿ ಒಂದು ದಿನ, ಹೆಸರು ಒಂದು ದಿನ, ನಡುವೆ ಅಲಸಂದಿ. ಒಬ್ಬರಿಗೆ ದಿನಕ್ಕೆ ಒಣ ಕಾಳು 70–75 ಗ್ರಾಂ, ಅಂದರೆ ದೊಡ್ಡ ಕೈಯವರ ಎರಡು ಹಿಡಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಎರಡು ಸಲ ತೊಳೆದು ಬಟ್ಟೆಯಲ್ಲಿ ಕಟ್ಟಿದರೆ ಮಡಕಿ ರಾತ್ರಿಯೊಳಗೆ ಮೊಳಕೆ ಬಿಟ್ಟಿರುತ್ತದೆ. ನಾತ ಬರುವುದಕ್ಕೆ ಕಾರಣ ಎರಡೇ: ಹನ್ನೆರಡು ತಾಸಿಗಿಂತ ಹೆಚ್ಚು ನೀರಿನಲ್ಲಿ ಬಿಡುವುದು, ಇಲ್ಲವೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚುವುದು. ಮೊಳಕೆಕಾಳನ್ನು ಹಸಿಯಾಗಿ ತಿನ್ನಲು ನಾನು ಬಿಡುವುದಿಲ್ಲ. ಮೊಳಕೆ ಬರುವ ಬೆಚ್ಚನೆಯ ತೇವದಲ್ಲೇ ರೋಗಾಣುಗಳೂ ಬೆಳೆಯುತ್ತವೆ, ಹೊಟ್ಟೆ ಕೆಟ್ಟರೆ ವಾರದ ಪಾಠ ಹೋಯಿತು. ಒಂದು ಕುದಿಯಾದರೂ ಬರಬೇಕು.

ಕುಕ್ಕರಿನಲ್ಲಿ ಹುಡುಗರು ಎಡವುವುದು ನೀರಿನಲ್ಲಿ. ಕಾಳು ಮುಳುಗುವಷ್ಟು ಹಾಕುತ್ತಾರೆ, ಪಲ್ಯ ಹೋಗಿ ಗಂಜಿಯಾಗುತ್ತದೆ. ಎರಡು ಕಪ್ ಮೊಳಕೆಗೆ ಅರ್ಧ ಕಪ್ ನೀರು, ಒಂದೇ ಸೀಟಿ, ಕೂಡಲೇ ಸೀಟಿ ಎತ್ತಿ ಹಬೆ ಬಿಡಬೇಕು. ಹಬೆ ತಾನಾಗಿ ಇಳಿಯಲೆಂದು ಬಿಟ್ಟರೆ ಒಳಗೇ ಬೆಂದು ಕರಗುತ್ತದೆ. ಮೊಳಕೆ ಬರದ ಅಲಸಂದಿಗೆ ಎರಡು ಸೀಟಿ, ನೆನೆದ ಕಡಲೆಗೆ ನಾಲ್ಕೈದು, ಇವುಗಳ ಹಬೆ ತಾನೇ ಇಳಿಯಲಿ. ಮಲಪ್ರಭೆಯ ನೀರು ಬಾರದ ದಿನ ಬೋರಿನ ನೀರು ಬಳಸಿದರೆ ಕಡಲೆ ಎಷ್ಟು ಸೀಟಿಗೂ ಗಟ್ಟಿ. ಗಡಸು ನೀರಿನ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಬಿಗಿಮಾಡುತ್ತದೆ. ಅಡುಗೆ ಸೋಡಾ ಹಾಕಿದರೆ ಮೆತ್ತಗಾಗುತ್ತದೆ, ಜೊತೆಗೆ ಬಿ ಜೀವಸತ್ವವೂ ಹಾಳಾಗುತ್ತದೆ. ಕುಡಿಯುವ ನೀರಿನಲ್ಲೇ ನೆನೆಸಿ, ನೆನೆಸುವಾಗಲೇ ಚಿಟಿಕೆ ಉಪ್ಪು ಹಾಕಿದರೆ ಸಾಕು.

ರೊಟ್ಟಿ ಬಡಿಯುವುದನ್ನು ಕಲಿಸಲು ಹೋಗಬೇಡಿ. ಕಡಕ್ ರೊಟ್ಟಿ ಕೊಳ್ಳಿ. ಒಂದಕ್ಕೆ ಏಳೆಂಟು ರೂಪಾಯಿ, ನೂರರ ಲೆಕ್ಕದಲ್ಲಿ ತಂದರೆ ಕಡಿಮೆ. ನಾವು ರೊಟ್ಟಿ ಮಾಡುವ ಅಕ್ಕನ ಜೊತೆ ಮಾಡಿಕೊಂಡ ದರ ಮಾತ್ರ ನಮ್ಮಲ್ಲೇ ಇರಲಿ. ಬೇಸಿಗೆಯಲ್ಲಿ ತಿಂಗಳ ರೊಟ್ಟಿ ಒಮ್ಮೆಗೇ ತಂದಿಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರದ್ದಷ್ಟೇ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ರೊಟ್ಟಿ ಬಾಗತೊಡಗಿದರೆ ಬೂಷ್ಟು ಬರುವುದು ದೂರವಿಲ್ಲ ಎಂದು ತಿಳಿಯಿರಿ. ಪೇಪರಿನಲ್ಲಿ ಸುತ್ತಬೇಡಿ, ಶಾಯಿ ಅಂಟುತ್ತದೆ. ಸ್ಟೀಲ್ ಡಬ್ಬಿ, ಬಿಗಿ ಮುಚ್ಚಳ.

ರೊಟ್ಟಿಯ ಜೊತೆಗೆ ಕಾಳಿನ ಪಲ್ಯ, ಮೊಸರು, ಚಟ್ನಿಪುಡಿ, ಹಸಿ ಪಚಡಿ. ಪಚಡಿ ಎಂದರೆ ಮೆಂತ್ಯ ಸೊಪ್ಪು, ಮೂಲಂಗಿ, ಸವತಿಕಾಯಿ, ಉಳ್ಳಾಗಡ್ಡಿ, ಮೇಲೆ ಶೇಂಗಾ ಪುಡಿ, ಲಿಂಬೆ. ಸೊಪ್ಪನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಮೂರು ಸಲ ತೊಳೆಯಿಸಿ. ಹುಡುಗರು ಒಂದು ಸಲಕ್ಕೇ ನಿಲ್ಲಿಸುತ್ತಾರೆ, ಬುಡದ ಮಣ್ಣು ಹಲ್ಲಿಗೆ ಸಿಕ್ಕರೆ ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ. ಚಟ್ನಿಪುಡಿ ನಾಲ್ಕು ಬಗೆ: ಶೇಂಗಾ, ಅಗಸಿ, ಗುರೆಳ್ಳು (ಹುಚ್ಚೆಳ್ಳು), ಪುಠಾಣಿ. ಒದ್ದೆ ಚಮಚ ಹಾಕಿದ ಡಬ್ಬಿ ವಾರದಲ್ಲಿ ಗಂಟುಗಟ್ಟುತ್ತದೆ, ಆದ್ದರಿಂದ ಪ್ರತಿ ಡಬ್ಬಿಗೂ ಅದರದೇ ಚಮಚ. ನಮ್ಮ ಅಗಸಿ ಪುಡಿ ಸಪ್ತಾಪುರದಲ್ಲೇ ಚೊಲೋ ಎಂದು ಧೈರ್ಯವಾಗಿ ಹೇಳುತ್ತೇನೆ. ಅಗಸಿ ಸಿಡಿಯುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು, ಹುಣಸೆ ಸೇರಿಸಿ ಕುಟ್ಟುತ್ತೇವೆ. ಇನ್ನೊಂದು ಸಾಮಾನು ಬೀಳುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದಂತೆ 16–18ರ ಹುಡುಗನಿಗೆ ದಿನಕ್ಕೆ 55 ಗ್ರಾಂ ಪ್ರೋಟೀನ್ ಬೇಕು, ಹುಡುಗಿಗೆ 46. ಮೂರು ರೊಟ್ಟಿಯಿಂದ ಹನ್ನೆರಡು, ಕಾಳಿನಿಂದ ಹದಿನಾರು ಹದಿನೇಳು, ಒಂದು ತತ್ತಿಯಿಂದ ಆರು, ಕಾಲು ಲೀಟರ್ ಹಾಲು-ಮೊಸರಿನಿಂದ ಎಂಟು, ಶೇಂಗಾ-ಪುಠಾಣಿಯಿಂದ ಎಂಟೊಂಬತ್ತು, ಒಂದು ಹೊತ್ತಿನ ಅನ್ನದಿಂದ ಏಳು. ಪ್ರೋಟೀನ್ ಪುಡಿಯ ಡಬ್ಬಾ ಕೊಳ್ಳದೆ ಐವತ್ತೈದು ದಾಟಿತು. ತತ್ತಿ ತಿನ್ನದವರಿಗೆ ಒಂದು ಹಿಡಿ ಕಾಳು ಹೆಚ್ಚು. ಹುಡುಗಿಯರ ಲೆಕ್ಕದಲ್ಲಿ ಕಬ್ಬಿಣಾಂಶ ಮುಖ್ಯ, ಹುಡುಗರಿಗಿಂತ ಅವರಿಗೇ ಹೆಚ್ಚು ಬೇಕು: ದಿನಕ್ಕೆ 32 ಮಿಲಿಗ್ರಾಂ. ಅವರ ರೂಮಿನಲ್ಲಿ ಗುರೆಳ್ಳು ಪುಡಿ ಖಾಲಿಯಾಗಲು ಬಿಡಬೇಡಿ. ಕಾಳಿನ ಮೇಲೆ ಲಿಂಬೆ ಹಿಂಡಿದರೆ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿಯಲಿ.

ದುಡ್ಡಿನ ಮಾತು. ತಿಂಗಳಿಗೆ ಮೆಸ್ಸಿಗೆ ಮೂರು ಸಾವಿರದ ಮೇಲೆ, ಸಂಜೆಯ ಹೊರಗಿನ ತಿಂಡಿ ಸೇರಿದರೆ ನಾಲ್ಕೂವರೆ. ಒಂದು ಮೆಸ್ಸಿನಲ್ಲಂತೂ ಬೇಳೆ ಹುಡುಕಬೇಕಾದ ಸಾರು. ನಮ್ಮ ಪದ್ಧತಿಯಲ್ಲಿ ಒಬ್ಬರಿಗೆ ರೊಟ್ಟಿ ಆರುನೂರು ಚಿಲ್ಲರೆ, ತರಕಾರಿ ನಾನೂರೈವತ್ತು, ಹಾಲು-ಮೊಸರು ಮುನ್ನೂರೈವತ್ತು, ಕಾಳು ಸುಮಾರು ಮುನ್ನೂರು, ತತ್ತಿ ಇನ್ನೂರು, ಉಳಿದದ್ದು ಅಕ್ಕಿ, ಶೇಂಗಾ, ಎಣ್ಣೆ, ಗ್ಯಾಸು. ಒಟ್ಟು ಎರಡೂವರೆಯಿಂದ ಎರಡು ಸಾವಿರದ ಏಳುನೂರು. ಇಬ್ಬರು ಕೂಡಿ ಮಾಡಿದರೆ ಮಾತ್ರ ಈ ಲೆಕ್ಕ. ನಾಲ್ವರು ಕೂಡಿದರೆ ಪಾತ್ರೆ ತೊಳೆಯುವ ಜಗಳದಲ್ಲೇ ಮುರಿಯುತ್ತದೆ. ಇಬ್ಬರಿಗೆ ಮೂರು ಲೀಟರಿನ ಕುಕ್ಕರ್, ಐದು ಕೆಜಿಯ ಚಿಕ್ಕ ಸಿಲಿಂಡರ್. ಇಂಡಕ್ಷನ್ ಇಟ್ಟು ನೋಡಿದೆವು. ಹಳೆ ವೈರಿಂಗ್‌ನಲ್ಲಿ ಎರಡು ರೂಮಿನವರು ಒಟ್ಟಿಗೆ ಹಚ್ಚಿದರೆ ಫ್ಯೂಸ್ ಹೋಗುತ್ತದೆ, ಕರೆಂಟ್ ಹೋದರೆ ಉಪವಾಸ.

ಫ್ಲಾಸ್ಕಿನ ಪ್ರಯೋಗವನ್ನೂ ಹೇಳಬೇಕು. ಬಾಯಿ ಅಗಲದ ಸ್ಟೀಲ್ ಫ್ಲಾಸ್ಕಿಗೆ ಮೊದಲು ಕುದಿ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಮೊಳಕೆ ಹೆಸರನ್ನು ಒಲೆಯ ಮೇಲೆ ಒಂದು ಕುದಿ ಕುದಿಸಿ ನೀರಿನ ಸಮೇತ ತುಂಬಿದರೆ ಮುಕ್ಕಾಲು ತಾಸಿನಲ್ಲಿ ಹದ. ಬೆಳಿಗ್ಗೆ ತುಂಬಿ ಹೊರಟರೆ ಕ್ಲಾಸಿನ ಬಿಡುವಿಗೆ ಬಿಸಿ ಕಾಳು ಸಿದ್ಧ. ನವಣೆ ಅನ್ನವೂ ಆಯಿತು, ಸ್ವಲ್ಪ ಮುದ್ದೆಯಾಗಿ. ಕಡಲೆ ಆಗಲಿಲ್ಲ. ರಾಜ್ಮಾ ಮಾತ್ರ ಯಾರೂ ಮಾಡಬೇಡಿ: ಪೂರ್ತಿ ಕುದಿಯದೆ ಅರೆಬಿಸಿಯಲ್ಲಿ ನೆನೆದ ರಾಜ್ಮಾದ ವಿಷ ಇಳಿಯುವುದಿಲ್ಲ, ವಾಂತಿ-ಭೇದಿ ಖಚಿತ.

ಅನ್ನ ಉಳಿಸಿ ಮರುದಿನ ಚಿತ್ರಾನ್ನ ಮಾಡುವ ರೂಢಿಯನ್ನೂ ಬಿಡಿಸಿದೆ. ಫ್ರಿಜ್ ಇಲ್ಲದೆ ರಾತ್ರಿಯಿಡೀ ಇಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಒಗ್ಗರಣೆಯ ಬಿಸಿಗೆ ಸಾಯುವುದಿಲ್ಲ. ಅಳೆದು ಹಾಕಿದರೆ ಉಳಿಯುವುದೇ ಇಲ್ಲ. ಒಬ್ಬರಿಗೆ ಚಹಾ ಕಪ್ಪಿನ ಮುಕ್ಕಾಲು ಅಕ್ಕಿ.

ಮಾರ್ಚ್‌ನಲ್ಲಿ ಪರೀಕ್ಷೆಯೂ ಬಿಸಿಲೂ ಒಟ್ಟಿಗೆ ಬರುತ್ತವೆ. ಆಗ ಕಾಳಿನ ಗಂಟನ್ನು ನೀರು ತುಂಬಿದ ಮಣ್ಣಿನ ಹರವಿಗೆ ಒರಗಿಸಿಟ್ಟು, ಎಂಟೇ ತಾಸಿಗೆ ಬಿಚ್ಚಬೇಕು. ಮೊಸರನ್ನು ರಾತ್ರಿ ಹತ್ತರ ನಂತರ ಹೆಪ್ಪು ಹಾಕಿ, ಬೆಳಿಗ್ಗೆಯೇ ಮುಗಿಸಿ. ಪರೀಕ್ಷೆಯ ವಾರಗಳಲ್ಲಿ ಪಲ್ಯ ಬಿಟ್ಟು ಶೇಂಗಾ ಉಂಡಿ ಕಟ್ಟಿಸುತ್ತೇನೆ: ಹುರಿದ ಶೇಂಗಾ ಎರಡು ಪಾಲು, ಬೆಲ್ಲ ಒಂದು ಪಾಲು. ಮಿಕ್ಸಿ ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ಮಾಡಬೇಕು. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡಿ ಜಿಡ್ಡಾಗುತ್ತದೆ, ನಾಲ್ಕು ದಿನಕ್ಕೆ ಕಮಟು ಹಿಡಿಯುತ್ತದೆ. ಸರಿಯಾಗಿ ಕಟ್ಟಿದ್ದು ಹದಿನೈದು ದಿನ ಬರುತ್ತದೆ, ದಿನಕ್ಕೆ ಎರಡು ಸಾಕು.